ಲೆನರ್ಡನ ಕಲ್ಲು

ಕ್ರಿಕ್ಕಿಯೆತ್
3 ಫೆಬ್ರವರಿ 2004

ಲೌರಿ ಅಕ್ಕನಿಗೆ,

ನಿನ್ನ ಗಂಡ ತೀರಿಕೊಂಡ ಸುದ್ದಿ ಮಾಂಸದ ಅಂಗಡಿಯಲ್ಲಿ ಗೊತ್ತಾಯಿತು. ನನ್ನ ಮುಂದೆ ನಿಂತಿದ್ದ ಹೆಂಗಸರಿಬ್ಬರು ಮಾತಾಡಿಕೊಳ್ಳುತ್ತಿದ್ದರು. ಬೆನ್ನ ಹಿಂದೆ ನಾನಿದ್ದೇನೆಂದು ತಿಳಿದ ಕೂಡಲೇ ಮಾತನ್ನು ಕುರಿಮಾಂಸದ ರೇಟಿಗೆ ತಿರುಗಿಸಿದರು. ಮಣ್ಣು ಮಾಡಿ ಆಗಲೇ ವಾರವಾಯಿತಂತೆ. ಮೊದಲೇ ಗೊತ್ತಾಗಿದ್ದರೆ ಬರುತ್ತಿದ್ದೆನೋ ಇಲ್ಲವೋ ಹೇಳಲಾರೆ. ಸತ್ತವರ ವಿಷಯದಲ್ಲಿ ಸುಳ್ಳು ಬರೆಯುವುದು ಬೇಡ.

ಹದಿನೆಂಟು ವರ್ಷದ ಮೇಲೆ ನಿನಗೆ ಬರೆಯುತ್ತಿದ್ದೇನೆ, ಕೈ ಸರಾಗವಾಗಿ ಓಡುತ್ತಿಲ್ಲ. ಅಮ್ಮನ ಸಮಾಧಿ ಚೊಕ್ಕಟವಾಗಿದೆ. ಕ್ರಿಸ್‌ಮಸ್ಸಿನ ಗಾಳಿಗೆ ನಮ್ಮ ಮನೆಯ ಹಿಂದಿನ ಚಿಮಣಿ ಬಿತ್ತು, ಕಟ್ಟಿಸಿದೆ. ಸಮಾಧಿ ಕಲ್ಲು ಕೆತ್ತುವ ಕೆಲಸ ಇನ್ನೂ ಬಿಟ್ಟಿಲ್ಲ. ಜನ ಸಾಯುವುದು ಬಿಟ್ಟರೆ ನಾನೂ ಬಿಟ್ಟೇನು.

ಒಬ್ಬಳೇ ಇರುತ್ತೀಯ, ಹಿಂಬಾಗಿಲ ಚಿಲಕ ನೋಡಿಕೊ.

ಇಡ್ವಾಲ್ ಪ್ರಿಚರ್ಡ್


ಹಾರ್ಲೆಕ್
12 ಫೆಬ್ರವರಿ 2004

ಇಡ್ವಾಲ್,

ಪತ್ರದ ಕೊನೆಗೆ ಮನೆತನದ ಹೆಸರನ್ನೂ ಸೇರಿಸಿ ರುಜು ಹಾಕಿದ್ದೀಯ. ನನಗೆ ಎಷ್ಟು ಜನ ಇಡ್ವಾಲರಿದ್ದಾರೆ ಎಂದುಕೊಂಡೆ?

ಬರೆದದ್ದು ಒಳ್ಳೆಯದಾಯಿತು. ಅಡುಗೆಮನೆಯ ಕಿಟಕಿಯಿಂದ ಬಿಸಿಲಿರುವ ದಿನ ಕೊಲ್ಲಿಯಾಚೆ ನಿಮ್ಮ ಕೋಟೆ ಕಾಣುತ್ತದೆ. ಅದರ ಬುಡದಲ್ಲೇ ನೀನಿದ್ದೀಯ, ರೈಲು ಹತ್ತಿದರೆ ಒಂದು ಗಂಟೆಯ ದಾರಿಯೂ ಇಲ್ಲ. ಆದರೂ ನಿನ್ನ ಸುದ್ದಿ ನನಗೆ ಮೀನು ಮಾರುವವನಿಂದ ಬರುತ್ತಿತ್ತು, ನನ್ನದು ನಿನಗೆ ಮಾಂಸದವನಿಂದ.

ಆ ದಿನ ಲೆನರ್ಡ್ ಆಲೂಗಡ್ಡೆ ಸಿಪ್ಪೆ ತೆಗೆಯುತ್ತ ಕೂತಿದ್ದ. ರೇಡಿಯೋದಲ್ಲಿ ನಮ್ಮ ವೆಲ್ಷ್ ಭಾಷೆಯ ಸುದ್ದಿ ಬರುತ್ತಿತ್ತು. ಅರ್ಥವಾಗದ ಮಾತು ಬಂದಾಗಲೆಲ್ಲ ಕೂಗಿ ಕೇಳುವುದು ಅವನ ಅಭ್ಯಾಸ. “ಲೌರಿ, ಇದೇನಂದ್ರು?” ಅಂದ. ನಾನು ಮಹಡಿಯಿಂದಲೇ ಹೇಳಿದೆ. ಮತ್ತೆ ಸದ್ದಿಲ್ಲ. ಕೆಳಗಿಳಿದು ಬರುವಷ್ಟರಲ್ಲಿ ಮುಗಿದಿತ್ತು. ಡಾಕ್ಟರು ಹೃದಯ ಎಂದರು. ಕಷ್ಟಪಡಲಿಲ್ಲ.

ಮಣ್ಣು ಮಾಡುವ ದಿನ ಚಾಪೆಲ್ ತುಂಬಿತ್ತು. ಪಕ್ಕದ ಮನೆಯ ಬೆಟಿ ರೋಲಂಡ್ಸ್ ನನ್ನ ಎಡಕ್ಕೆ ಕೂತವಳು, ಬಲಕ್ಕೆ ಕೂರಲು ಬಂದವರನ್ನೆಲ್ಲ ಹಿಂದಿನ ಸಾಲಿಗೆ ಕಳಿಸಿದಳು. ಯಾರಿಗೆಂದು ಆ ಜಾಗ ಹಿಡಿದಿದ್ದಳೋ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಈಗ ಕೆಲಸದ ಮಾತು. ಕಲ್ಲು ಹಾಕಿಸಬೇಕು. ಮೊನ್ನೆ ಒಂದು ಅಂಗಡಿಯವನು ಕರಿ ಗ್ರಾನೈಟಿನದು ತೋರಿಸಿದ. ಕನ್ನಡಿಯ ಹಾಗೆ ಹೊಳಪು, ಚಿನ್ನದ ಬಣ್ಣದ ಅಕ್ಷರ. ಬ್ಯಾಂಕಿನ ಮುಂಬಾಗಿಲ ಹಾಗಿತ್ತು. ಆಯುಷ್ಯವೆಲ್ಲ ಬರ್ಮಿಂಗ್‌ಹ್ಯಾಮಿನ ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚಿದವನನ್ನು ಅದರಡಿ ಮಲಗಿಸಲು ನನಗೆ ಮನಸ್ಸಾಗಲಿಲ್ಲ. ಅವನಿಗೆ ಈ ಕಡೆಯ ಸ್ಲೇಟು ಕಲ್ಲೇ ಆಗಬೇಕು, ಈ ಕಡೆಯವರ ಕೈಯೇ ಆಗಬೇಕು.

ನೀನು ಕೆತ್ತುತ್ತೀಯಾ? ಇಲ್ಲವೆಂದಾದರೆ ಒಂದೇ ಸಾಲು ಬರೆ, ಸಾಕು.

ಲೌರಿ


ಕ್ರಿಕ್ಕಿಯೆತ್
25 ಫೆಬ್ರವರಿ 2004

ಅಕ್ಕ,

ನೀನು ಒಂದೇ ಸಾಲು ಕೇಳಿದ್ದೆ. ಆಗುವುದಿಲ್ಲ.

ಅಷ್ಟಕ್ಕೇ ನಿಲ್ಲಿಸಿದರೆ ನನಗೆ ಸೊಕ್ಕು ಎಂದುಕೊಳ್ಳುತ್ತೀಯ. ಅದಕ್ಕೆ ಮುಂದೆಯೂ ಬರೆಯುತ್ತೇನೆ.

ಇಂಗ್ಲೆಂಡಿನವರ ಬೇಸಗೆ ಮನೆಗಳು ಒಂದರ ಹಿಂದೊಂದು ಉರಿದ ಆ ಚಳಿಗಾಲಗಳು ನಿನಗೂ ನೆನಪಿವೆ. ನಮ್ಮ ಹುಡುಗರಿಗೆ ಮದುವೆಯಾದರೆ ಇರಲು ಕೋಣೆ ಸಿಗುತ್ತಿರಲಿಲ್ಲ, ಅವರ ಮನೆಗಳು ವರ್ಷದ ಮುಕ್ಕಾಲು ಪಾಲು ಬೀಗ ಹಾಕಿಕೊಂಡಿರುತ್ತಿದ್ದವು. ಪಬ್ಬಿನಲ್ಲಿ ನಾನು ಬಾಯಿ ಬಿಟ್ಟದ್ದು ನಿಜ. “ಒಂದು ಬೆಂಕಿಕಡ್ಡಿ ಸಾಕು” ಅಂದಿದ್ದೆ. ಅವತ್ತು ಅಲ್ಲಿದ್ದವರೆಲ್ಲ ಅಂಥ ಮಾತನ್ನೇ ಆಡಿದ್ದರು. ಆದರೆ ಹಾರ್ಲೆಕ್ಕಿನ ಗುಡ್ಡದ ಮೇಲಿನ ಬ್ರಿನ್ ಐಥಿನ್ ಮನೆ ಉರಿದ ಮಾರನೆಯ ದಿನ ಪೊಲೀಸರು ತಟ್ಟಿದ್ದು ನನ್ನ ಬಾಗಿಲನ್ನು. ಮನೆ ಲೆನರ್ಡನದು, ಅವನೂ ಇಂಗ್ಲೆಂಡಿನವನೇ. ಹೆಂಡತಿಯ ತಮ್ಮನ ಹೆಸರನ್ನು ಅವನಲ್ಲದೆ ಇನ್ಯಾರು ಕೊಟ್ಟಾರು?

ನೀನು ಮದುವೆಯಾಗಿ ಹೋದ ಮೇಲೆ ಅಮ್ಮನ ಕಪಾಟನ್ನು ಆ ಗುಡ್ಡ ಹತ್ತಿಸಿದವನು ನಾನು. ಮೇಲಿನ ತುದಿ ನನ್ನ ಕೈಯಲ್ಲಿ, ಕೆಳಗಿನ ತುದಿ ಅವನ ಕೈಯಲ್ಲಿ. ಅಜ್ಜಿಯ ಕಾಲದ ನೀಲಿ ತಟ್ಟೆಗಳನ್ನು ಒಂದೊಂದಾಗಿ ನೀನು ಅದರಲ್ಲಿ ಜೋಡಿಸಿದ್ದೆ. ನೀವಿಬ್ಬರೂ ಅವನ ತಾಯಿಯನ್ನು ನೋಡಲು ಬರ್ಮಿಂಗ್‌ಹ್ಯಾಮಿಗೆ ಹೋಗಿದ್ದಾಗ ಕಪಾಟು, ತಟ್ಟೆ ಎಲ್ಲ ಬೂದಿಯಾಯಿತು. ಅದನ್ನು ಸುಡುವವನು ನಾನೇ ಎಂದು ಪೊಲೀಸರು ಅಂದುಕೊಂಡರೆ ಅಂದುಕೊಳ್ಳಲಿ. ಅವರಿಗೆ ಅಮ್ಮನ ಕಪಾಟೂ ಗೊತ್ತಿಲ್ಲ, ನಾನೂ ಗೊತ್ತಿಲ್ಲ. ನನ್ನನ್ನು ಠಾಣೆಯಿಂದ ಬಿಟ್ಟ ಸಂಜೆ ನೀನು ನಮ್ಮ ಅಡುಗೆಮನೆಗೆ ಬಂದೆ. ಕೂರಲಿಲ್ಲ. “ಇಡ್ವಾಲ್, ನಿಜ ಹೇಳು, ನೀನೇನಾದ್ರೂ...” ಅಂದೆ.

ನನ್ನನ್ನು ತೊಟ್ಟಿಲಲ್ಲಿ ತೂಗಿದವಳು ನೀನು, ಅಕ್ಕ. ನೀನು ಕೇಳಿದೆ.

ಆ ಕಲ್ಲಿನ ಮುಂದೆ ಕೂತು ಅವನ ಹೆಸರನ್ನು ಅಕ್ಷರ ಅಕ್ಷರವಾಗಿ ಕೆತ್ತಲು ನನ್ನಿಂದಾಗದು. ಬೆಥೆಸ್ಡಾದಲ್ಲಿ ಒಳ್ಳೆಯ ಕೈಯವನೊಬ್ಬನಿದ್ದಾನೆ, ಬೇಕಾದರೆ ವಿಳಾಸ ಕಳಿಸುತ್ತೇನೆ.

ಇಡ್ವಾಲ್


ಹಾರ್ಲೆಕ್
8 ಮಾರ್ಚ್ 2004

ಇಡ್ವಾಲ್,

ಬೆಥೆಸ್ಡಾದವನ ವಿಳಾಸ ಬೇಡ.

ಲೆನರ್ಡ್ ನಿನ್ನ ಹೆಸರು ಕೊಡಲಿಲ್ಲ. ನಾವು ಬರ್ಮಿಂಗ್‌ಹ್ಯಾಮಿನಿಂದ ಬಂದು ಇಳಿಯುವ ಮೊದಲೇ ಪಬ್ಬಿನ ಮಾತು ಪೊಲೀಸರ ಕಿವಿಯಲ್ಲಿತ್ತು. ನಿನ್ನನ್ನು ಕರೆದೊಯ್ದರೆಂದು ಗೊತ್ತಾದ ಕೂಡಲೇ ಅವನು ಠಾಣೆಗೆ ಹೋದ. ನಾನೂ ಜೊತೆಗಿದ್ದೆ. ಅವನು ಹೇಳಿದ್ದು ಇಷ್ಟು: “ಆ ಮನುಷ್ಯ ನನ್ನ ಜೊತೆ ಕಪಾಟು ಹೊತ್ತಿದ್ದಾನೆ ಸಾರ್. ಮೂಲೆ ತರಚಬಾರ್ದು ಅಂತ ಮಳೇಲಿ ತನ್ನ ಕೋಟು ಬಿಚ್ಚಿ ಅದಕ್ಕೆ ಸುತ್ತಿದ. ಅವನು ಸುಡೋದಿಲ್ಲ.” ಬರೆದುಕೊಳ್ಳುತ್ತಿದ್ದವನು ನಕ್ಕ. ಲೆನರ್ಡ್ ಬರೆದುಕೊಳ್ಳುವ ತನಕ ಎದ್ದು ಬರಲಿಲ್ಲ.

ನಿನ್ನನ್ನು ಕೇಳಬೇಡವೆಂದು ಹೇಳಿದವನೂ ಅವನೇ. ನಾನು ಕೇಳಿದೆ. ನೀನು ಮಾಡಿದ್ದೀಯ ಎಂದು ನಂಬಿ ಕೇಳಿದ್ದಲ್ಲ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಚಾಪೆಲ್ಲಿನ ಮೆಟ್ಟಿಲ ಮೇಲೆ ಜನ ನನ್ನ ಮುಖ ನೋಡುತ್ತಿದ್ದರು. “ನನ್ನ ತಮ್ಮನ್ನ ಕೇಳ್ದೆ, ಅವನಲ್ಲ ಅಂದ” ಎಂದು ಅವರ ಮುಖಕ್ಕೆ ಹೊಡೆದ ಹಾಗೆ ಹೇಳುವ ಆಸೆ ನನಗೆ. ನೀನು ಟೋಪಿ ಹಾಕಿಕೊಂಡು ಕಲ್ಲು ಕೆತ್ತುವ ಕೊಟ್ಟಿಗೆಗೆ ಹೊರಟುಹೋದೆ. ಬಾಗಿಲನ್ನು ಎಳೆದುಕೊಂಡು ಹೋದೆ. ಕತ್ತಲಾಗುವ ತನಕ ಕಾದೆ, ನೀನು ಬರಲಿಲ್ಲ. ಕೈಯಲ್ಲಿ ಒಂದು ಉತ್ತರವಿಲ್ಲದೆ ನಾನು ಈ ಊರಿನಲ್ಲಿ ಇಷ್ಟು ವರ್ಷ ಬಾಳಿದ್ದೇನೆ.

ಮೊನ್ನೆಯ ನಿನ್ನ ಪತ್ರವನ್ನು ಮತ್ತೆ ಓದಿ ನೋಡು. ಕಪಾಟು ಇದೆ, ತಟ್ಟೆ ಇದೆ, ತೊಟ್ಟಿಲೂ ಇದೆ. ‘ಇಲ್ಲ’ ಎಂಬ ಒಂದು ಮಾತು ಮಾತ್ರ ಇಲ್ಲ.

ಇದಕ್ಕಿಂತ ಹೆಚ್ಚು ಬರೆದರೆ ಜಗಳವಾಗುತ್ತದೆ. ಜಗಳವಾಡುವಷ್ಟು ಆಯುಷ್ಯ ನಮ್ಮಿಬ್ಬರಲ್ಲಿ ಯಾರಿಗೂ ಉಳಿದಿಲ್ಲ.

ಲೌರಿ


ಹಾರ್ಲೆಕ್
14 ಮೇ 2004

ಇಡ್ವಾಲ್,

ಎರಡು ತಿಂಗಳು ನಿನ್ನಿಂದ ಮಾತಿಲ್ಲ. ಬರೆಯಬಾರದು ಎಂದುಕೊಂಡಿದ್ದೆ, ಆದರೆ ಇಂದು ತಡೆಯಲಾಗಲಿಲ್ಲ.

ನಿನ್ನೆ ಬೆಟಿ ಏದುಸಿರು ಬಿಡುತ್ತ ಬಂದಳು. “ನಿನ್ನ ತಮ್ಮ ಇಲ್ಲೇ ನಮ್ಮ ಕೋಟೆ ಗೋಡೆ ಮೇಲೆ ನಿಂತಿದ್ದಾನೆ ಕಣೇ” ಅಂದಳು. ಹುಚ್ಚಿ, ಯಾವನೋ ಟೂರಿಸ್ಟನನ್ನು ನೋಡಿರುತ್ತೀಯ ಅಂದೆ. “ಟೂರಿಸ್ಟಾದ್ರೆ ಸಮುದ್ರ ನೋಡ್ತಾನೆ. ಇವನು ನಿನ್ನ ಹಿತ್ತಲು ನೋಡ್ತಿದ್ದ” ಅಂದಳು. ನಾನು ಚಪ್ಪಲಿ ಹಾಕಿಕೊಂಡು ಹೊರಬರುವಷ್ಟರಲ್ಲಿ ಗೋಡೆ ಖಾಲಿ.

ಹಾರ್ಲೆಕ್ ಕೋಟೆಗೆ ಟಿಕೆಟ್ ಕೊಂಡು ಹೋದೆಯಾ, ಇಡ್ವಾಲ್? ಸ್ಕೂಲಿನಿಂದ ಕರೆದೊಯ್ದಾಗ ಬಾಗಿಲಲ್ಲೇ ಕೂತು ಹಟ ಹಿಡಿದಿದ್ದವನು ನೀನು. ಕ್ರಿಕ್ಕಿಯೆತ್ತಿನದು ನಮ್ಮ ದೊರೆ ಕಟ್ಟಿಸಿದ್ದು, ಇದು ಇಂಗ್ಲಿಷರ ರಾಜ ನಮ್ಮ ತಲೆಯ ಮೇಲೆ ಕೂರಿಸಿದ್ದು, ಒಳಗೆ ಕಾಲಿಡೋದಿಲ್ಲ ಎಂದು ಅತ್ತಿದ್ದೆ.

ಕೋಟೆಯ ಬಾಗಿಲಿನಿಂದ ನನ್ನ ಮನೆಗೆ ನಾಲ್ಕು ಹೆಜ್ಜೆ. ಕೇಕ್ ಬೇಯಿಸಿದ್ದೆ. ನಿನಗೆಂದಲ್ಲ, ಆದರೂ ಬೇಯಿಸಿದ್ದೆ.

ಲೌರಿ


ಕ್ರಿಕ್ಕಿಯೆತ್
21 ಮೇ 2004

ಅಕ್ಕ,

ಬೆಟಿಯ ಕಣ್ಣು ಚೆನ್ನಾಗಿದೆ. ನಾನೇ.

ನಿನ್ನ ಮನೆಗೆ ಬರಬೇಕೆಂದೇ ರೈಲು ಹತ್ತಿದ್ದು. ಸ್ಟೇಷನ್ನಿನಿಂದ ಆ ಕಡಿದಾದ ದಾರಿ ಹತ್ತುವಷ್ಟರಲ್ಲಿ ಧೈರ್ಯ ಅರ್ಧಕ್ಕಿಳಿಯಿತು, ಉಸಿರು ಪೂರ್ತಿ ಇಳಿಯಿತು. ಕೋಟೆಯ ಬಾಗಿಲ ಬಳಿ ಕೂರಲು ಒಂದು ಬೆಂಚು ಸಿಕ್ಕಿತು. ಟಿಕೆಟಿನ ಹುಡುಗಿ ಇಂಗ್ಲಿಷಿನಲ್ಲಿ, ರಜಕ್ಕೆ ಬಂದಿರಾ ಎಂದು ಕೇಳಿದಳು. ಹೌದು ಅಂದೆ. ಏನು ಹೇಳಲಿ? ಅಕ್ಕನ ಮನೆಗೆ ಹೋಗಲು ಹೆದರಿ ಇಲ್ಲಿ ಕೂತಿದ್ದೇನೆ ಎನ್ನಲೇ? ಮುದುಕರಿಗೆ ಕಡಿಮೆ ರೇಟು ಎಂದಳು. ಕೊಂಡೆ.

ಮೇಲೆ ಗಾಳಿ ಜೋರಾಗಿತ್ತು. ಅಲ್ಲಿಂದ ನೋಡಿದರೆ ಕೊಲ್ಲಿಯಾಚೆ ನಮ್ಮ ಕೋಟೆ ಒಂದು ಮುರಿದ ಹಲ್ಲಿನಷ್ಟಿದೆ. ನಿನಗೆ ಇಷ್ಟು ವರ್ಷ ಕಂಡದ್ದು ಅದೇ ಎಂದುಕೊಂಡೆ. ಆಮೇಲೆ ಕೆಳಗೆ ನಿನ್ನ ಹಿತ್ತಲು ಕಂಡಿತು. ತಂತಿಯ ಮೇಲೆ ಗಂಡಸಿನ ಶರಟು ಎರಡು ಒಣಗುತ್ತಿದ್ದವು. ಅವನ್ನು ನೋಡಿದ ಮೇಲೆ ಬಾಗಿಲು ತಟ್ಟಲು ಆಗಲಿಲ್ಲ.

ಗುಡ್ಡದ ಮೇಲಿನ ಸ್ಮಶಾನಕ್ಕೆ ಹೋದೆ. ಗುಂಡಿ ತೋಡುವ ಎಮ್ಲಿನ್ ಹುಲ್ಲು ಕತ್ತರಿಸುತ್ತಿದ್ದ. ನಾನು ಯಾರೆಂದು ಹೇಳದೆ ಲೆನರ್ಡನ ಜಾಗ ಕೇಳಿದೆ. ತೋರಿಸಿ, ತಾನೇ ಮಾತಿಗೆ ಕೂತ. ಒಂದು ಭಾನುವಾರ ಪಾದ್ರಿಯ ಕೈ ಕುಲುಕಿ, ನಿಮ್ಮ ಪ್ರವಚನ ಬಹಳ ಉದಾರವಾಗಿತ್ತು ಎಂದು ವೆಲ್ಷಿನಲ್ಲಿ ಹೇಳಲು ಹೋದ ಲೆನರ್ಡ್, ಬಹಳ ಉಪ್ಪಾಗಿತ್ತು ಎಂದನಂತೆ. ಪಾದ್ರಿ ಮುಂದಿನ ವಾರ ಅರ್ಧ ಗಂಟೆ ಮೊದಲೇ ಮುಗಿಸಿದನಂತೆ. “ನಮ್ಮೂರಿಗೆ ಅವನು ಮಾಡಿದ ದೊಡ್ಡ ಉಪಕಾರ ಅದು” ಎಂದ ಎಮ್ಲಿನ್. ಆ ಮಣ್ಣಿನ ದಿಬ್ಬದ ಪಕ್ಕ ನಿಂತು ನಾನು ನಕ್ಕೆ. ನಕ್ಕ ಮೇಲೆ ನಾಚಿಕೆಯಾಯಿತು.

ಅವನು ಠಾಣೆಗೆ ಹೋದದ್ದು ನನಗೆ ಗೊತ್ತಿರಲಿಲ್ಲ. ಯಾರೂ ಹೇಳಲಿಲ್ಲ. ಯಾರಾದರೂ ಹೇಳುವ ಹಾಗೆ ನಾನು ಯಾರೆದುರೂ ನಿಂತಿರಲೂ ಇಲ್ಲ.

ಒಂದು ಸ್ಲೇಟು ಕಲ್ಲಿದೆ. ಬ್ಲೈನೈ ಗಣಿಯ ಹಳೆಯ ಕಲ್ಲು, ನೀಲಿಗಪ್ಪು, ಎಳೆ ನೇರವಾಗಿದೆ, ಎಲ್ಲೂ ಬಿರುಕಿಲ್ಲ. ನನಗೆಂದು ಎತ್ತಿಟ್ಟುಕೊಂಡಿದ್ದೆ. ನಾನು ಇನ್ನೂ ಸ್ವಲ್ಪ ದಿನ ಇರುವ ಹಾಗೆ ಕಾಣುತ್ತದೆ.

ಏನು ಬರೆಯಬೇಕೆಂದು ತಿಳಿಸು.

ಇಡ್ವಾಲ್


ಹಾರ್ಲೆಕ್
2 ಜೂನ್ 2004

ಇಡ್ವಾಲ್,

ಶರಟುಗಳನ್ನು ತೋಟದ ಕೆಲಸಕ್ಕೆ ನಾನೇ ಹಾಕಿಕೊಳ್ಳುತ್ತೇನೆ. ಗಟ್ಟಿ ಬಟ್ಟೆ, ಬಿಸಾಡಲು ಮನಸ್ಸಿಲ್ಲ. ಬಾಗಿಲು ತಟ್ಟಿದ್ದರೆ ಇಷ್ಟು ಹೇಳುತ್ತಿದ್ದೆ, ನಿನ್ನ ರೈಲಿನ ಖರ್ಚಾದರೂ ದಕ್ಕುತ್ತಿತ್ತು.

ಬರೆಯಬೇಕಾದದ್ದು ವೆಲ್ಷಿನಲ್ಲೇ ಇರಲಿ. ಇಂಗ್ಲಿಷ್ ಒಂದಕ್ಷರವೂ ಬೇಡವೆಂದು ಅವನೇ ಹೇಳಿದ್ದ. ನೆನಪಿಗಾಗಿ ಎಂದು ಮೇಲೆ. ಕೆಳಗೆ ಲೆನರ್ಡ್ ಪಿಕರಿಂಗ್, 1925–2004. ಅದರ ಕೆಳಗೆ ಲೌರಿಯ ಗಂಡ. ಇಷ್ಟೇ.

ನಮ್ಮ ಕಡೆ ಸತ್ತವರ ಹೆಸರಿನ ಕೆಳಗೆ ಮನೆಯ ಹೆಸರು ಹಾಕುತ್ತಾರೆ, ನನಗೂ ಗೊತ್ತು. ಈಗಿನ ಈ ಮನೆಗೆ ಬೀದಿಯ ನಂಬರಷ್ಟೇ ಇದೆ. ಇನ್ನೊಂದು ಮನೆಯ ಹೆಸರು ಬೇಡ. ಅವನಿಗೆ ಅದು ಇಷ್ಟದ ಮನೆಯಾಗಿತ್ತು, ಸುಟ್ಟ ಮೇಲೂ ಬೇಸಗೆಯಲ್ಲಿ ಹೋಗಿ ಆ ಗೋಡೆಗಳ ನಡುವೆ ಕೂತು ಚಹಾ ಕುಡಿದು ಬರುತ್ತಿದ್ದ. ಆದರೆ ಅದನ್ನು ಕಲ್ಲಿನ ಮೇಲೆ ಹಾಕಿದರೆ ಓದಿದವರು ಮೊದಲು ಬೆಂಕಿಯನ್ನು ನೆನೆಯುತ್ತಾರೆ, ಎರಡನೆಯದಾಗಿ ನಿನ್ನನ್ನು. ಅವನು ಹೋದ, ನೀನಿನ್ನೂ ಜನರ ನಡುವೆ ಮಾಂಸ ಕೊಳ್ಳಬೇಕು.

ಮಣ್ಣು ಕೂತ ಮೇಲೆ ಕಲ್ಲು ನೆಡಬೇಕೆಂದು ಎಮ್ಲಿನ್ ಹೇಳಿದ. ಸೆಪ್ಟೆಂಬರ್ ಆದೀತಂತೆ.

ನಿನ್ನ ಎದೆಗೆ ಆ ಸ್ಲೇಟಿನ ಧೂಳು ಒಳ್ಳೆಯದಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊ.

ಲೌರಿ


ಕ್ರಿಕ್ಕಿಯೆತ್
6 ಸೆಪ್ಟೆಂಬರ್ 2004

ಅಕ್ಕ,

ಕಲ್ಲು ಸಿದ್ಧವಾಗಿದೆ. ಬೇಸಗೆಯಲ್ಲಿ ಬೇರೆ ಕೆಲಸ ಹಿಡಿಯಲಿಲ್ಲ.

ಬರುವ ಗುರುವಾರ ವ್ಯಾನಿನಲ್ಲಿ ತರುತ್ತೇನೆ. ಇಳಿಸಲು ಎಮ್ಲಿನ್ ಇರುತ್ತಾನೆ. ನೀನು ಮಧ್ಯಾಹ್ನ ಊಟದ ಹೊತ್ತಿಗೆ ಬಾ, ಅದಕ್ಕೆ ಮೊದಲು ಬೇಡ. ಓರೆಯಾಗಿ ನಿಂತ ಕಲ್ಲನ್ನು ಮನೆಯವರು ನೋಡಬಾರದು, ಆಮೇಲೆ ಅದು ನೆಟ್ಟಗಿದ್ದರೂ ಅವರಿಗೆ ಓರೆಯಾಗಿಯೇ ಕಾಣುತ್ತದೆ.

ನೀನು ಹೇಳಿದ ಮಾತುಗಳೆಲ್ಲ ಇವೆ. ಒಂದು ಸಾಲು ಹೆಚ್ಚಿಗೆ ಇದೆ. ಬೇಡವೆಂದರೆ ಉಜ್ಜಿ ತೆಗೆಯಲು ಬರುವುದಿಲ್ಲ, ಬೇರೆ ಕಲ್ಲೇ ಆಗಬೇಕು. ಆ ಖರ್ಚು ನನ್ನದು.

ಇಡ್ವಾಲ್


ಹಾರ್ಲೆಕ್
12 ಸೆಪ್ಟೆಂಬರ್ 2004

ಇಡ್ವಾಲ್,

ಗುರುವಾರ ನೀನು ಚಹಾ ಕುಡಿದು, ಎರಡು ತುಂಡು ಕೇಕ್ ತಿಂದು, ಕತ್ತಲಾಗುತ್ತದೆಂದು ಎದ್ದು ಹೋದೆ. ನಾವಿಬ್ಬರೂ ಆಡಿದ್ದೆಲ್ಲ ಚಿಮಣಿಯ ಮಾತು, ಮಂಡಿನೋವಿನ ಮಾತು, ಬೆಟಿಯ ನಾಯಿಯ ಮಾತು. ಕಲ್ಲಿನ ಬಗ್ಗೆ ನಾನು ಚೆನ್ನಾಗಿದೆ ಎಂದಷ್ಟೇ ಅಂದೆ. ಎದುರೆದುರು ಕೂತು ಅದಕ್ಕಿಂತ ಹೆಚ್ಚು ಹೇಳುವುದು ನಮ್ಮ ಮನೆತನಕ್ಕೆ ಬಂದ ವಿದ್ಯೆಯಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಲೆನರ್ಡ್ ಪಿಕರಿಂಗ್, ಬ್ರಿನ್ ಐಥಿನ್. ಅವನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ, ಅಷ್ಟೇ ಆಳಕ್ಕೆ. ನಾನು ಬೇಡವೆಂದಿದ್ದೆ. ನೀನು ಕೇಳಿದ್ದರೆ ಆಗಲೂ ಬೇಡವೆನ್ನುತ್ತಿದ್ದೆ. ಓದಿದ ಮೇಲೆ ಮತ್ತೊಮ್ಮೆ ಮೊದಲಿಂದ ಓದಿದೆ. ಮನೆಯಿಲ್ಲದವನ ಹಾಗೆ ಮಲಗಿದ್ದನಲ್ಲ, ಈಗ ಮನೆಯುಂಟು.

ಇಂದು ಭಾನುವಾರ, ಚಾಪೆಲ್ ಮುಗಿದ ಮೇಲೆ ಅರ್ಧ ಊರು ಗುಡ್ಡ ಹತ್ತಿತು. ಹೂ ಇಡುವ ನೆಪ. ಎಲ್ಲರೂ ಬಗ್ಗಿ ಮನೆಯ ಹೆಸರು ಓದಿದರು. ಉತ್ತರ ಗೊತ್ತಿದ್ದೂ, ಎಲ್ಲರಿಗೂ ಕೇಳಲೆಂದು ಬೆಟಿಯೇ ಬಾಯಿ ಬಿಟ್ಟಳು.

“ಇದ್ನ ಯಾರು ಕೆತ್ತಿದ್ದು?”

“ನನ್ನ ತಮ್ಮ.”

“ಯಾವ ತಮ್ಮ?”

“ನನಗಿರೋದು ಒಬ್ನೇ.”

ಹಿಂದೆ ಬಸ್ಸಿನಲ್ಲಿ ನನ್ನ ಮುಖ ನೋಡುತ್ತಿದ್ದವರಲ್ಲಿ ಇಬ್ಬರು ಇನ್ನೂ ಬದುಕಿದ್ದಾರೆ. ಇಬ್ಬರೂ ಅಲ್ಲಿದ್ದರು. ಒಬ್ಬಳು ಕೈಗವಸು ಬಿಚ್ಚಿ ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು.

ಇನ್ನೊಂದು ವಿಷಯ. ಗುರುವಾರ ನೀನು ಹೇಳಿದ ಹೊತ್ತಿಗಿಂತ ಮೊದಲೇ ನಾನು ಬಂದಿದ್ದೆ. ಮನೆಯಲ್ಲಿ ಕೂರಲಾಗಲಿಲ್ಲ. ಸ್ಮಶಾನದ ಹಿಂದಿನ ಗೋಡೆಯ ಆಚೆ ನಿಂತಿದ್ದೆ. ಎಮ್ಲಿನ್ ಕೈಗಾಡಿ ತಳ್ಳಿಕೊಂಡು ಹೊರಟುಹೋಗಿದ್ದ. ನೀನು ಮಂಡಿಯೂರಿ ಕಲ್ಲು ತೊಳೆಯುತ್ತಿದ್ದೆ. ತೊಳೆದು, ಬಟ್ಟೆ ಹಿಂಡಿ, ಮಾತಾಡಿದೆ. ನಿಧಾನವಾಗಿ, ಒಂದೊಂದೇ ಪದ ಬಿಡಿಸಿ, ಭಾಷೆ ಕಲಿಯುವವರ ಜೊತೆ ಮಾತಾಡುವ ಹಾಗೆ. ಬದುಕಿದ್ದಾಗ ಅವನ ಜೊತೆ ಹಾಗೆ ಯಾರಾದರೂ ಮಾತಾಡಿದರೆ ಎಷ್ಟು ಖುಷಿಪಡುತ್ತಿದ್ದ ಗೊತ್ತೇ?

“ಭಾವ,” ಅಂದೆ ನೀನು. “ನಿಮ್ಮ ಮನೆಗೆ ಬೆಂಕಿ ಇಟ್ಟಿದ್ದು ನಾನಲ್ಲ. ನಾನಲ್ಲ. ಕೇಳಿಸ್ತಾ?”

ಯಾರೂ ಇಲ್ಲವೆಂದು ನೀನು ಆಡಿದ ಮಾತು, ನಾನು ಕದ್ದು ಕೇಳಿದೆ. ಅವನನ್ನು ಭಾವ ಎಂದು ನೀನು ಕರೆದದ್ದು ಅದೇ ಮೊದಲು. ಸುತ್ತು ಹಾಕಿ ಮುಂದಿನ ಬಾಗಿಲಿಗೆ ಬಂದು, ಬೇಕೆಂದೇ ಸದ್ದು ಮಾಡಿ ಒಳಗೆ ಬಂದೆ. ನನಗೆ ನೀನು ಮತ್ತೆ ಹೇಳುವುದೇನೂ ಬೇಡ. ಗೋಡೆಯ ಆಚೆ ನಿಂತು ಕೇಳಿದ್ದಕ್ಕೆ ಬೈಯುವುದಾದರೆ ಬೈ.

ಲೌರಿ


ಕ್ರಿಕ್ಕಿಯೆತ್
17 ಸೆಪ್ಟೆಂಬರ್ 2004

ಅಕ್ಕ,

ಬೈಯುವುದೇನು? ಆ ಗೋಡೆ ನನ್ನ ಎದೆಯಷ್ಟು ಎತ್ತರ. ಅದರ ಮೇಲೆ ನಿನ್ನ ಹಸಿರು ಟೋಪಿ ಅರ್ಧ ಗಂಟೆಯಿಂದ ಕಾಣುತ್ತಿತ್ತು. ಎಮ್ಲಿನ್ ಮೊದಲು ನೋಡಿದವನು. ನಾನೇ ಅವನನ್ನು ಕೈಗಾಡಿ ಕೊಟ್ಟು ಕಳಿಸಿದೆ.

ನಿನ್ನ ಮುಖ ನೋಡಿಕೊಂಡು ಹೇಳಲು ನನಗೆ ಈ ಜನ್ಮದಲ್ಲಿ ಆಗುತ್ತಿರಲಿಲ್ಲ. ಅವನ ಕಡೆ ತಿರುಗಿ ಹೇಳಿದೆ. ಅವನಿಗೂ ಸಲ್ಲಬೇಕಾದ ಮಾತೇ ಅದು.

ಆದರೆ ಒಂದು ತಪ್ಪು ತಿಳಿದಿದ್ದೀಯ. ನಿಧಾನವಾಗಿ, ಪದ ಬಿಡಿಸಿ ಹೇಳಿದ್ದು ಅವನಿಗಾಗಿ ಅಲ್ಲ. ನೀನು ಅಷ್ಟು ದೂರ ನಿಂತಿದ್ದೆ, ನಿನಗೆ ಎಡಗಿವಿ ಮೊದಲಿಂದಲೂ ಮಂದ. ಕೂಗಿ ಹೇಳೋಣವೆಂದರೆ ಸ್ಮಶಾನ.

ಮುಂದಿನ ಶನಿವಾರ ಬಾ. ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ.

ನಿನ್ನ ತಮ್ಮ,
ಇಡ್ವಾಲ್